ಮಾನದಿಂದ ಉನ್ಮಾನಕ್ಕೆ: ಪಾಕಶಾಲೆಯ ಅಳತೆಯ ಇತಿಹಾಸ

ಮಹೋತ್ಸವಗಳ ಪಾಕಶಾಲೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಹಿರಿಯ ಅಡಿಗೆಯವರು ಅಕ್ಕಿ, ಹಿಟ್ಟು, ತುಪ್ಪಗಳನ್ನು ಸೇರು ಪಾವುಗಳ ಲೆಕ್ಕದಲ್ಲಿ ಹೇಳುತ್ತಾರೆ. ಅಂಗಡಿಯವರು ಕಿಲೋಗ್ರಾಂಗಳಲ್ಲಿ ತೂಗಿಕೊಡುತ್ತಾರೆ. ‘ಒಂದು ಸೇರೆಂದರೆ ಎಷ್ಟು ತೂಕ?’ ಎಂಬ ಈ ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಇದರ ಹಿಂದೆ ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಶ್ರಾವಕಧರ್ಮದೊಡನೆ ನೇರವಾದ ಸಂಬಂಧವೂ ಇದೆ.

ಪಾತ್ರೆಯಿಂದ ಅಳೆಯುವುದು ಬೇರೆ, ತಕ್ಕಡಿಯಿಂದ ತೂಗುವುದು ಬೇರೆ ಎಂಬುದನ್ನು ನಮ್ಮ ಆಚಾರ್ಯರು ಸ್ಪಷ್ಟವಾಗಿ ಅರಿತಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವನ್ನು ಎಣಿಸಿದೆ. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಂತೆ, ಪ್ರಸ್ಥ ಮೊದಲಾದುವು ಮಾನ. ತುಲೆ ಮೊದಲಾದುವು ಉನ್ಮಾನ. ಕೊಡುವಾಗ ಕಿರಿದರಿಂದಲೂ ಕೊಳ್ಳುವಾಗ ಹಿರಿದರಿಂದಲೂ ಅಳೆಯುವುದು ವ್ರತಕ್ಕೆ ಕಳಂಕ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಈ ಭೇದವು ಇನ್ನೂ ವಿಶದವಾಗಿದೆ. ಅಲ್ಲಿ ಸುವರ್ಣ, ರಜತ, ಲೋಹಗಳ ಪರಿಭಾಷೆ ಬೇರೆ. ಧಾನ್ಯದ ಪರಿಭಾಷೆ ಬೇರೆ. ನಾಲ್ಕು ಷೋಡಶಿಕೆಗಳಿಗೆ ಒಂದು ಕುಡಹ, ನಾಲ್ಕು ಕುಡಹಗಳಿಗೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಗಳಿಗೆ ಒಂದು ಆಢಕ, ನಾಲ್ಕು ಆಢಕಗಳಿಗೆ ಒಂದು ದ್ರೋಣ. ಹೀಗೆ ಒಂದು ದ್ರೋಣವು 256 ಷೋಡಶಿಕೆಗಳಾಗುತ್ತದೆ. ಚಿನ್ನವನ್ನು ತೂಗಿದರು, ಧಾನ್ಯವನ್ನು ಅಳೆದರು.

ನಮ್ಮ ಶಾಸನಗಳ ರೂಢಿಯೂ ಇದೇ. ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಧಾನ್ಯಕ್ಕೆ ಖಂಡುಗ ಕೊಳಗಗಳೂ, ಎಣ್ಣೆಗೆ ಸೊಲಗೆ ಮಾನಗಳೂ ಬರುತ್ತವೆ. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟದೇವರ ಅಭಿಷೇಕದ ಹಾಲನ್ನು ಮಾನಗಳಲ್ಲಿಯೇ ಹೇಳಿದೆ.

ಕಾಲಕ್ರಮದಲ್ಲಿ ಸೇರು ಎಂಬ ಒಂದೇ ಹೆಸರು ಅಳತೆಗೂ ತೂಕಕ್ಕೂ ಸಂದಿತು. ತೂಕದಲ್ಲಿಯೂ 80 ತೊಲದ ಸೇರು ಒಂದು, ಮೈಸೂರು ಸೀಮೆಯ 24 ತೊಲದ ಕಚ್ಚಾ ಸೇರು ಇನ್ನೊಂದು. ಮೊದಲನೆಯದು ಸುಮಾರು 933 ಗ್ರಾಂ. ಎರಡನೆಯದು ಸುಮಾರು 280 ಗ್ರಾಂ. ಈ ಗೊಂದಲವನ್ನು ನೀಗಲು 1956ರಲ್ಲಿ ಕೇಂದ್ರ ಶಾಸನವಾಯಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬಳಕೆಗೆ ಬಂದು, 1962ರ ಏಪ್ರಿಲಿನಿಂದ ಕಡ್ಡಾಯವಾದುವು. ಕಾಯಿದೆ ಬದಲಾಯಿತು, ಅಡಿಗೆಯವರ ಕೈಯಳತೆ ಮಾತ್ರ ಉಳಿಯಿತು.

ಹಾಗಾದರೆ ಅಳತೆಯನ್ನು ತೂಕಕ್ಕೆ ತರುವುದು ಹೇಗೆ? ಎಲ್ಲ ಪದಾರ್ಥಗಳಿಗೂ ಸಲ್ಲುವ ಒಂದೇ ಸಂಖ್ಯೆ ಇಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಅದೇ ಪಾತ್ರೆಯ ಅಕ್ಕಿ ಸುಮಾರು 800 ಗ್ರಾಂ, ತುಪ್ಪ ಸುಮಾರು 910 ಗ್ರಾಂ, ಸಡಿಲವಾಗಿ ತುಂಬಿದ ಗೋಧಿಹಿಟ್ಟು 550 ಗ್ರಾಂ ಆಸುಪಾಸು. ಅಕ್ಕಿಯ ಲೆಕ್ಕದಿಂದ ಹಿಟ್ಟನ್ನು ತೂಗಿ ತಂದರೆ ಸುಮಾರು ಅರ್ಧದಷ್ಟು ಹೆಚ್ಚಾಗುತ್ತದೆ. ಹಿಟ್ಟನ್ನು ಜರಡಿ ಹಿಡಿದರೆ ಹಗುರ, ಅದುಮಿದರೆ ಭಾರ. ರಾಶಿಯಾಗಿ ಅಳೆದರೆ ಒಂದು ತೂಕ, ಬಾಯಿಮಟ್ಟಕ್ಕೆ ಸವರಿದರೆ ಇನ್ನೊಂದು.

ಆದುದರಿಂದ ಅಡಿಗೆಯವರು ಬಳಸುವ ಪಾತ್ರೆಯಿಂದಲೇ ಪ್ರತಿಯೊಂದು ಪದಾರ್ಥವನ್ನೂ ಒಮ್ಮೆ ಅಳೆದು, ತೂಗಿ, ಬರೆದಿಡಬೇಕು. ಮುಂದಿನದು ಮಹಾವೀರಾಚಾರ್ಯರು ನಿರೂಪಿಸಿದ ತ್ರೈರಾಶಿಕದ ಕೆಲಸ. ಒಂದು ಪಾವು ಅಕ್ಕಿ 210 ಗ್ರಾಂ ತೂಗಿದರೆ, 120 ಪಾವಿಗೆ 25 ಕಿಲೋ 200 ಗ್ರಾಂ.

ಇದು ಕೇವಲ ಅನುಕೂಲದ ಮಾತಲ್ಲ. ಒಂದು ಲೀಟರ್ ತುಪ್ಪವನ್ನು ಒಂದು ಕಿಲೋ ಎಂದು ಲೆಕ್ಕ ಬರೆದರೆ ಸುಮಾರು 90 ಗ್ರಾಂ ಕೊರತೆಯಾಗುತ್ತದೆ. ದಾನಿಯ ದ್ರವ್ಯಕ್ಕೆ ಲೆಕ್ಕ ಒಪ್ಪಿಸಬೇಕಾದವರು ಅರಿಯದೆಯೂ ಹೀನಮಾನಕ್ಕೆ ಎಡೆಗೊಡಬಾರದು. ಭಗವಂತನ ಸನ್ನಿಧಿಯಲ್ಲಿ ನಡೆಯುವ ಸಂತರ್ಪಣೆಯ ಉಗ್ರಾಣದಲ್ಲಿ ಮಾನವೂ ಉನ್ಮಾನವೂ ಒಂದನ್ನೊಂದು ಒಪ್ಪುವಂತಾಗಲಿ.