ಕಾಕನಕೋಟೆಯೂ ಹಕ್ಕಿನ ಅರಿವೂ

ಕಪಿಲಾನದಿಯ ತೀರದ ಕಾಕನಕೋಟೆಯ ಅರಣ್ಯವು ಮೈಸೂರು ಸಂಸ್ಥಾನದ ಕಾಲದಲ್ಲಿ ಆನೆಯ ಖೆಡ್ಡಾಗಳಿಂದ ಪ್ರಖ್ಯಾತವಾಗಿದ್ದಿತು. ದೂರದೇಶದ ಅತಿಥಿಗಳೂ ಅದನ್ನು ಕಂಡು ಬೆರಗಾದರು. ಆದರೆ ಜಾಡನ್ನರಿತು ಹಿಂಡನ್ನು ಅಟ್ಟಿ, ಹಿಡಿದ ಆನೆಯನ್ನು ಪಳಗಿಸಿದ ಜೇನುಕುರುಬರ ಮತ್ತು ಕಾಡುಕುರುಬರ ಹೆಸರುಗಳು ಚರಿತ್ರೆಯ ಪುಟಗಳಲ್ಲಿ ದೊರೆಯುವುದು ವಿರಳವು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಕಾಕನಕೋಟೆ’ ಎಂಬ ನಾಟಕದಲ್ಲಿ ಈ ಕಾಡಿನ ಜನರ ಬಾಳನ್ನೇ ವಸ್ತುವಾಗಿ ಆರಿಸಿಕೊಂಡುದು ಸ್ಮರಣೀಯವಾಗಿದೆ.

1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಶಾಸನವು ಬಂದಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು ಕಾಡಿನ ಒಂದು ಭಾಗವು ನೀರಿನಲ್ಲಿ ಮುಳುಗಿತು. ಇವೆಲ್ಲವೂ ಲೋಕೋಪಯೋಗಕ್ಕಾಗಿಯೇ ನಡೆದುವು. ಆದರೆ ಅನೇಕ ಕುಟುಂಬಗಳು ತಲೆತಲಾಂತರದ ನೆಲೆಯನ್ನು ಬಿಟ್ಟು ಕಾಡಂಚಿನ ಹಾಡಿಗಳನ್ನು ಸೇರಬೇಕಾಯಿತು. ಕೇಳಬೇಕಾದುದೇನು, ಯಾರನ್ನು ಕೇಳಬೇಕು ಎಂಬುದನ್ನು ಅವರಿಗೆ ತಿಳಿಸಿದವರು ಕೆಲವರೇ. ಅವರ ನೆಲಕ್ಕೆ ಕಾಗದಪತ್ರವಿರಲಿಲ್ಲ. ಪೂರ್ವಿಕರ ನೆನಪೇ ಪತ್ರವಾಗಿದ್ದಿತು.

2006ರ ಅರಣ್ಯಹಕ್ಕು ಶಾಸನವು ಈ ಜನರಿಗೆ ಚರಿತ್ರೆಯಲ್ಲಿ ಅನ್ಯಾಯವಾಯಿತೆಂದು ಸ್ಪಷ್ಟವಾಗಿ ಒಪ್ಪಿಕೊಂಡಿತು. ಅರ್ಜಿಯ ವಿಚಾರಣೆಯು ಕಛೇರಿಯಲ್ಲಲ್ಲ, ಗ್ರಾಮಸಭೆಯಲ್ಲಿ ಮೊದಲಾಗತಕ್ಕದ್ದು. ಪರಿಶೀಲನೆ ಮುಗಿಯುವ ತನಕ ಯಾರನ್ನೂ ನೆಲದಿಂದ ಎಬ್ಬಿಸಕೂಡದು. 2005ರ ಡಿಸೆಂಬರ್ 13ಕ್ಕೆ ಮೊದಲು ಅಕ್ರಮವಾಗಿ ಹೊರಹಾಕಲ್ಪಟ್ಟು ಭೂಮಿ ದೊರೆಯದವರಿಗೂ ಪುನರ್ವಸತಿಯ ಹಕ್ಕುಂಟು. ಹಿರಿಯರು ಹೇಳಿದುದನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯವೇ ಆಗುವುದು.

ಇಷ್ಟಿದ್ದರೂ ತಿಳಿಯದವನಿಗೆ ಶಾಸನವು ಇಲ್ಲದುದಕ್ಕೆ ಸಮಾನವು. ಹಳೆಯ ಹಾಡಿಯ ಗುರುತನ್ನೂ ದೇವರ ಬನವನ್ನೂ ಸಮಾಧಿಯನ್ನೂ ಕಂಡು ಹೇಳಬಲ್ಲ ವೃದ್ಧರು ವರ್ಷವರ್ಷಕ್ಕೆ ಕಡಮೆಯಾಗುತ್ತಿರುವರು. ಬೋಧನೆಯು ತಡವಾದಷ್ಟೂ ಸಾಕ್ಷಿಗಳು ಅಳಿಯುವರು.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಸಾರಿದ ಮಾನವಹಕ್ಕುಗಳ ಘೋಷಣೆಯು, ಹಕ್ಕುಗಳ ವಿಷಯದಲ್ಲಿ ಗೌರವವನ್ನು ಬೆಳೆಯಿಸುವುದೂ ವಿದ್ಯೆಯ ಉದ್ದೇಶವೆಂದಿತು. ಶರಣಪಂಥಕ್ಕೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಕಾಯಕಜೀವಿಗಳನ್ನೂ ಸ್ತ್ರೀಯರನ್ನೂ ಅನುಭವಗೋಷ್ಠಿಗೆ ಬರಮಾಡಿಕೊಂಡರು. ಅಲ್ಲಿ ಕೇಳುವುದರೊಡನೆ ನುಡಿಯುವ ಅಧಿಕಾರವೂ ಎಲ್ಲರಿಗೂ ದೊರೆಯಿತು. ಅನ್ನದಾಸೋಹವು ಒಂದು ಹೊತ್ತಿನ ಹಸಿವನ್ನು ಕಳೆಯುವುದು. ಹಕ್ಕಿನ ಅರಿವನ್ನು ನೀಡುವ ಜ್ಞಾನದಾಸೋಹವು ಮುಂದಿನ ಪೀಳಿಗೆಗೆ ನೆಲೆಯನ್ನು ಉಳಿಸುವುದು. ಓದು ಬಲ್ಲ ಸದ್ಭಕ್ತನೊಬ್ಬನು ಹಾಡಿಯ ಹಿರಿಯನ ಬಳಿ ಕುಳಿತು ಅವನ ಮಾತನ್ನು ಬರೆದುಕೊಟ್ಟರೆ ಅದೂ ಜಂಗಮಸೇವೆಯೇ ಸರಿ.