ಹುಟ್ಟುವಾಗ ಸಮಸಮ, ಆಮೇಲೆ ಗಂಡುಗರು ಎಲ್ಲಿ ಹೋಗುತ್ತೆ?

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿದ್ದ ದನಗಳು ಸುಮಾರು 19.25 ಕೋಟಿ. ಅದರಲ್ಲಿ ಹೆಣ್ಣು 14.5 ಕೋಟಿ. ಅಂದರೆ ನಾಲ್ಕಕ್ಕೆ ಮೂರು ಹೆಣ್ಣು. ಆದರೆ ಕರು ಹುಟ್ಟೋದು ಹೆಚ್ಚುಕಮ್ಮಿ ಅರ್ಧಕ್ಕರ್ಧ, ಗಂಡೇ ಒಂದು ಗುಲಗಂಜಿ ಜಾಸ್ತಿ. ಮಿಕ್ಕ ಗಂಡುಗರುಗಳು ಎಲ್ಲಿ ಹೋದವು? ಗೋವಿನ ಬಗ್ಗೆ ಇಷ್ಟೊಂದು ಕೂಗಾಡೋ ನಮ್ಮಲ್ಲಿ ಈ ಪ್ರಶ್ನೆ ಕೇಳೋರು ಕಮ್ಮಿ.

ಕರುವಿನ ಲಿಂಗ ನಿರ್ಧಾರವಾಗೋದು ಹೋರಿಯ ವೀರ್ಯಾಣುವಿನಿಂದ. ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಆದರೂ ಬೈಸಿಕೊಳ್ಳೋದು ಹಸು. (ಮನುಷ್ಯರ ಮನೆಯಲ್ಲೂ ಇದೇ ಕತೆ, ಆಸೆ ಮಾತ್ರ ಉಲ್ಟಾ.)

ಅರ್ಧಕ್ಕರ್ಧ ಅನ್ನೋದು ದೊಡ್ಡ ಲೆಕ್ಕಕ್ಕೆ ಸರಿ. ನೂರು ಹಸು ಇರೋ ಫಾರ್ಮಿನಲ್ಲಿ ಒಂದು ಸುತ್ತಿಗೆ ನಲವತ್ತರಿಂದ ಅರವತ್ತು ಹೆಣ್ಣುಗರು ಬರೋದು ಬಹುತೇಕ ಖಾತ್ರಿ. ಆದರೆ ನಮ್ಮ ಡೈರಿಗಳಿಗೆ ಹಾಲು ಹಾಕೋರಲ್ಲಿ ಬಹುಪಾಲು ಜನರ ಕೊಟ್ಟಿಗೆಯಲ್ಲಿರೋದು ಒಂದೆರಡು ಹಸು. ಎರಡು ಹಸು ಮೂರು ವರ್ಷದಲ್ಲಿ ಐದು ಸಲ ಈದವು ಅಂದುಕೊಳ್ಳಿ. ಐದೂ ಗಂಡಾಗೋ ಸಾಧ್ಯತೆ 32ಕ್ಕೆ ಒಂದು. ಅಂಥ 200 ಮನೆ ಇರೋ ಊರಲ್ಲಿ ಆರು ಮನೆಗೆ ಈ ಗತಿ. ನಾಲ್ಕು ಅಥವಾ ಐದು ಗಂಡು ಅಂತ ಲೆಕ್ಕ ಹಾಕಿದರೆ ಸುಮಾರು 37 ಮನೆ! ಇದು ಶಾಪವೂ ಅಲ್ಲ, ಮೇವಿನ ದೋಷವೂ ಅಲ್ಲ, ಬರೀ ಆಕಸ್ಮಿಕ. ದೊಡ್ಡ ಫಾರ್ಮಿಗೆ ಇದರ ಬಿಸಿ ತಟ್ಟಲ್ಲ. ಸಣ್ಣ ರೈತಳಿಗೆ ಮಾತ್ರ ಮುಂದಿನ ಹಸುವನ್ನೇ ಸಾಲ ಮಾಡಿ ಕೊಳ್ಳಬೇಕಾಗುತ್ತೆ.

ಇನ್ನು ಹುಟ್ಟಿದ ಗಂಡುಗರು. ಉಳುಮೆ ಟ್ರ್ಯಾಕ್ಟರಿಗೆ ಹೋಯ್ತು. ಎಚ್‌ಎಫ್ ಮಿಶ್ರತಳಿಯ ಹೋರಿಗೆ ನೊಗ ಕೂರೋ ಹಿಳಲೂ ಸರಿಯಾಗಿಲ್ಲ, ಬಿಸಿಲೂ ತಡೆಯಲ್ಲ. ಎಳೆಗರುವಿಗೆ ತೂಕದ ಹತ್ತನೇ ಒಂದು ಭಾಗ ಹಾಲು ಬೇಕು, ಅಂದರೆ ದಿನಕ್ಕೆ ಎರಡು ಮೂರು ಲೀಟರ್. ಅಷ್ಟು ಹಾಲು ಡೈರಿಗೆ ಹೋದರೆ ಕಾಸು, ಕರುವಿನ ಹೊಟ್ಟೆಗೆ ಹೋದರೆ ನಷ್ಟ. ಹಾಗಾಗಿ ಎಷ್ಟೋ ಗಂಡುಗರು ಅರೆಹೊಟ್ಟೆಯಲ್ಲೇ ಸೊರಗಿ ಸಾಯುತ್ತವೆ. ಯಾರೂ ಕೊಂದಿರಲ್ಲ, ಕೇಸೂ ಆಗಲ್ಲ.

ಕಾನೂನಿನ ವಿಷಯದಲ್ಲಿ ಒಂದು ಸ್ಪಷ್ಟನೆ. ಕರ್ನಾಟಕದಲ್ಲಿ ಕರು ಹತ್ಯೆ 1964ರ ಕಾಯ್ದೆಯಲ್ಲೂ ನಿಷೇಧವೇ ಆಗಿತ್ತು. ಆದರೆ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಹೋರಿ, ಎತ್ತುಗಳಿಗೆ ಪ್ರಮಾಣಪತ್ರ ಪಡೆದು ಅವಕಾಶವಿತ್ತು. 2020ರ ಕಾಯ್ದೆ ಆ ದಾರಿಯನ್ನೂ ಮುಚ್ಚಿತು. 13 ವರ್ಷ ದಾಟಿದ ಎಮ್ಮೆ, ಕೋಣಕ್ಕಷ್ಟೇ ವಿನಾಯಿತಿ. ತಪ್ಪಿದರೆ 3ರಿಂದ 7 ವರ್ಷ ಜೈಲು. ಗಂಡು ದನ ಸಾಕೋ ಖರ್ಚು ಯಾರದ್ದು ಅನ್ನೋದನ್ನ ಮಾತ್ರ ರೈತರ ತಲೆಗೇ ಬಿಟ್ಟರು.

ಈಗ ಸರ್ಕಾರ ತೋರಿಸ್ತಿರೋ ಪರಿಹಾರ ಲಿಂಗ ವಿಂಗಡಿಸಿದ ವೀರ್ಯ. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ 4ರಷ್ಟು ಜಾಸ್ತಿ ಇರುತ್ತೆ, ಆ ವ್ಯತ್ಯಾಸ ಹಿಡಿದು ಯಂತ್ರ ಬೇರ್ಪಡಿಸುತ್ತೆ. ಗಬ್ಬ ನಿಂತರೆ ಹತ್ತರಲ್ಲಿ ಒಂಬತ್ತು ಹೆಣ್ಣು. ಮಾತು ಇರೋದು ಆ 'ನಿಂತರೆ' ಅನ್ನೋದರಲ್ಲಿ. ವಿಂಗಡಣೆಯಲ್ಲಿ ವೀರ್ಯಾಣುಗಳು ಬಳಲುತ್ತವೆ, ಕಡ್ಡಿಯಲ್ಲಿರೋ ಸಂಖ್ಯೆಯೂ ಕಮ್ಮಿ, ಹಾಗಾಗಿ ಗಬ್ಬ ಕಟ್ಟೋದು ಮಾಮೂಲಿಗಿಂತ ಕಮ್ಮಿ. ಒಂದು ಸಲ ತಪ್ಪಿದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿಗೆ ಯಾವ ಸಬ್ಸಿಡಿ ಇದೆ ಅಂತ ನಿಮ್ಮ ಶಾಸಕರನ್ನ ಕೇಳಿ ನೋಡಿ.