ಚಿತ್ರದಾಗಿನ ವಿರಹ, ಬೀಸೂಕಲ್ಲಿನ ವಿರಹ

ನಮ್ಮ ಕುಂಭಾರಿಗೆ ಸೊಲ್ಲಾಪುರದ ಕೋಟೆ ದೂರ ಇಲ್ಲ. ಆ ಕೋಟೆ ಒಂದು ಕಾಲಕ್ಕೆ ಮದುವೆಯ ಬಳುವಳಿಯಾಗಿ ಹೋಗಿತ್ತು. ಅಹಮದನಗರದ ಹುಸೇನ ನಿಜಾಮಶಹಾ ತನ್ನ ಮಗಳು ಚಾಂದಬೀಬಿಯನ್ನು ವಿಜಾಪುರದ ಅಲಿ ಆದಿಲಶಹಾನಿಗೆ ಕೊಟ್ಟಾಗ ಸೊಲ್ಲಾಪುರವನ್ನೂ ಕೊಟ್ಟ. 1580ರಲ್ಲಿ ಅಲಿ ತೀರಿಕೊಂಡ. ಗಾದಿಗೆ ಬಂದ ಎರಡನೆಯ ಇಬ್ರಾಹಿಂ ಆಗಿನ್ನೂ ಸಣ್ಣ ಹುಡುಗ. ಅವನ ಬೆನ್ನಿಗೆ ನಿಂತು ರಾಜ್ಯ ನೋಡಿಕೊಂಡಾಕಿ ಈ ಚಾಂದಬೀಬಿನೇ.

ಇಬ್ರಾಹಿಂ ದೊಡ್ಡವನಾದ ಮೇಲೆ ಅವನಿಗೆ ಹಾಡಿನ ಹುಚ್ಚು ಹಿಡಿತು. ದಖನಿ ಮಾತಿನಾಗ ಹಾಡು ಕಟ್ಟಿ, ಒಂದೊಂದಕ್ಕೂ ರಾಗ ಹೇಳಿ 'ಕಿತಾಬ್-ಎ-ನವರಸ್' ಮಾಡಿದ. ಮುಸಲ್ಮಾನ ಅರಸನ ಆ ಪುಸ್ತಕದಾಗ ಸರಸ್ವತಿಯ ಸ್ತುತಿ ಅದ.

ಸುಮಾರು ಅದೇ ಕಾಲಕ್ಕೆ ದಖ್ಖನ್ ಸೀಮೆಯ ಚಿತ್ರಗಾರರು ರಾಗಗಳನ್ನೇ ಪುಸ್ತಕದ ಹಾಳೆಯಷ್ಟು ಕಾಗದದ ಮೇಲೆ ಬರೆದರು. ಇದಕ್ಕೆ ರಾಗಮಾಲೆ ಅಂತಾರ. ರಾಗ ಗಂಡು, ರಾಗಿಣಿ ಅವನ ಹೆಂಡತಿ. ತೋಡಿ ರಾಗಿಣಿ ಅಡವ್ಯಾಗ ಒಬ್ಬಾಕೀನೇ ನಿಂತು ವೀಣಾ ನುಡಿಸ್ತಾಳ, ಜಿಂಕೆಗಳು ಬಂದು ಕೇಳತಾವ. ಧನಾಶ್ರೀ ಊರಾಗಿಲ್ಲದ ನಲ್ಲನ ಮುಖವನ್ನು ನೆನೆಸಿ ನೆನೆಸಿ ಬರೀತಾಳ. ಪಟಮಂಜರಿ ಸೊರಗಿ ಕುಂತಾಳ, ಗೆಳತಿ ಸಮಾಧಾನ ಹೇಳತಾಳ. ಲಲಿತದಾಗ ಆಕಿ ಮಲಗಿರುವಾಗಲೇ ಅವ ಬೆಳಗಿನ ಜಾವ ಎದ್ದು ಹೊಂಟಾನ.

ಇಂಥ ಚಿತ್ರಗಳಾಗ ಮೋಡ, ನವಿಲು ಯಾಕ ಬರತಾವ? ದಂಡಿಗೆ, ವ್ಯಾಪಾರಕ್ಕೆ ಹೋದವರು ಮಳೆಗಿಂತ ಮೊದಲು ಮನೆ ಮುಟ್ಟಬೇಕಿತ್ತು. ಹಳ್ಳ ಹೊಳೆ ತುಂಬಿದರೆ ನಾಲ್ಕು ತಿಂಗಳು ದಾರಿ ಬಂದ್. ಹಂಗಾಗಿ ರೈತನಿಗೆ ಕಂಡರೆ ಸಂತೋಷ ಕೊಡೋ ಮೋಡ ಆ ಹೆಣ್ಣಿಗೆ ಎದೆಯೊಡೆಯುವ ಸುದ್ದಿ.

1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದ. ಅವನ ದಂಡಿನಾಗಿದ್ದ ಬಿಕಾನೇರದ ರಾಜಾ ಅನೂಪಸಿಂಹನ ಕಾಲಕ್ಕೆ ದಖ್ಖನ್ನಿನ ಬಹಳ ಚಿತ್ರಗಳು ಮರುಭೂಮಿಯ ಆ ಊರು ಸೇರಿದವು. ಅಗಲಿಕೆಯ ಚಿತ್ರಗಳೇ ತವರು ಅಗಲಿದವು. ಹೋದರೂ ಉಳಿದವು, ಯಾಕಂದರ ಅರಸರು ಜ್ವಾಕಿ ಮಾಡಿದರು.

ನಮ್ಮ ಮನೆಗಳ ವಿರಹಕ್ಕೆ ಅಂಥ ಅರಸ ಇರಲಿಲ್ಲ. 1877ರಲ್ಲಿ ಸೊಲ್ಲಾಪುರದಾಗ ಮೊದಲ ಬಟ್ಟೆ ಗಿರಣಿ ಆಯಿತು. ಗಂಡಸರು ಗಿರಣಿಗೆ, ಮುಂಬೈಗೆ, ಕಬ್ಬು ಕಡಿಯಲಿಕ್ಕೆ ಹೋದರು. ಉಳಿದಾಕಿ ಕೋಳಿ ಕೂಗೋ ಮೊದಲೇ ಎದ್ದು ಬೀಸೂಕಲ್ಲಿನ ಮುಂದ ಕುಂತು ಹಾಡಿದಳು. ಚಿತ್ರದಾಕಿಯನ್ನು ಬರೆದದ್ದು ಅರಸನ ಆಸರೆಯ ಚಿತ್ರಗಾರ. ಈ ಹಾಡನ್ನು ಕಟ್ಟಿದಾಕಿ ತಾನೇ. ಚಿತ್ರದಾಕಿ ಸುಮ್ಮನೆ ಕಾಯತಾಳ. ನಮ್ಮಾಕಿ ಅಳತಾಳ, ಬರದವನಿಗೆ ಬೈತಾಳ, ಜೋಳಾನೂ ಬೀಸಿ ಮುಗಿಸತಾಳ.

ನಾನು ಹಾಡೋ ಪದಗಳಾಗ ಅರ್ಧ ನಮ್ಮವ್ವನ ಕಲ್ಲಿನ ಬಾಜೂಕ ಮಲಗಿ ಕೇಳಿದವು. ಹಿಟ್ಟಿನ ಗಿರಣಿ ಬಂತು, ಅವ್ವನ ರಟ್ಟೆಗೆ ಆರಾಮಾಯಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಲ್ಲು ನಿಂತ ದಿನ ಹಾಡೂ ನಿಂತಿತು.

ಶಾಲೆಯ ಗುರುಗಳಲ್ಲಿ ಒಂದು ಮಾತು. ಮನೆಯಾಗ ಆಯಿ ಇರುವ ಹುಡುಗರ ಕೈಲಿ ಒಂದೊಂದು ವಹಿ ಕೊಡ್ರಿ, ಆಕಿ ಹಾಡಿದ್ದು ಹಾಡಿದಂಗೇ ಬರೆಸ್ರಿ. ಕನ್ನಡದಾಗಿರಲಿ, ಮರಾಠಿಯಾಗಿರಲಿ. ಆ ವಹಿಗಳು ಈ ವಾಚನಾಲಯದ ಕಪಾಟಿನಾಗ ಇರಲಿ.